ರಾಯನೋ ರಾಜನೋ

ಹಳೆಯ ನಾಣ್ಯಗಳ ಮಾರುಕಟ್ಟೆಯಲ್ಲಿ ಕೃಷ್ಣದೇವರಾಯನಿಗಿರುವ ಬೇಡಿಕೆ ಕರ್ನಾಟಕದ ಬೇರೆ ಅರಸರಿಗಿಲ್ಲ. ಅವನ ಕಾಲದ ಒಂದು ವರಹ ತನ್ನ ಸಂಗ್ರಹದಲ್ಲಿರಬೇಕು ಎಂದು ಆಸೆಪಡದ ಕನ್ನಡಿಗ ಹವ್ಯಾಸಿಯನ್ನು ನಾನು ಕಂಡಿಲ್ಲ. ಆ ಆಸೆಯನ್ನು ಮಾರುವವರೂ ಬಲ್ಲರು. ಹೀಗಾಗಿ ಯಾವುದೇ ಚಿನ್ನದ ನಾಣ್ಯದ ಪಕ್ಕದ ಚೀಟಿಯಲ್ಲಿ ‘ಕೃಷ್ಣದೇವರಾಯ’ ಎಂದು ಬರೆದಿದ್ದರೆ ನಾನು ಚೀಟಿಯನ್ನು ಅಲ್ಲಿಗೇ ಬಿಟ್ಟು ನಾಣ್ಯದ ಮೇಲಿರುವ ದೇವರನ್ನು ನೋಡುತ್ತೇನೆ. ಅಲ್ಲಿ ಒಬ್ಬರೇ ಕುಳಿತಿದ್ದಾರೋ, ಇಬ್ಬರಿದ್ದಾರೋ?

1509ರಿಂದ 1529ರವರೆಗೆ ಆಳಿದ ರಾಯನ ಹೆಸರಾಂತ ವರಹದ ಮೇಲಿರುವವನು ಬಾಲಕೃಷ್ಣ. ಒಂದು ಮಂಡಿ ಎತ್ತಿ, ಕೈಯಲ್ಲಿ ಬೆಣ್ಣೆ ಹಿಡಿದು ಒಬ್ಬನೇ ಕುಳಿತಿದ್ದಾನೆ. ಉದಯಗಿರಿಯನ್ನು ಗೆದ್ದ ರಾಯ ಅಲ್ಲಿಂದ ತಂದು ಹಂಪಿಯಲ್ಲಿ ಪ್ರತಿಷ್ಠಾಪಿಸಿದ ಬಾಲಕೃಷ್ಣನ ನೆನಪು ಈ ನಾಣ್ಯದಲ್ಲಿದೆ ಎಂದು ವಿದ್ವಾಂಸರು ಹೇಳುತ್ತಾರೆ. ಹಿಂಬದಿಯಲ್ಲಿ ನಾಗರಿ ಲಿಪಿಯ ಮೂರು ಸಾಲು: ಶ್ರೀ ಪ್ರತಾಪ ಕೃಷ್ಣರಾಯ.

ಬೆಂಗಳೂರಿನ ಒಂದು ಪ್ರದರ್ಶನದಲ್ಲಿ ನನ್ನ ಮುಂದೆ ಇಟ್ಟ ವರಹದ ಮೇಲೆ ಇಬ್ಬರಿದ್ದರು. ತ್ರಿಶೂಲ ಮತ್ತು ಜಿಂಕೆ ಹಿಡಿದ ಶಿವ, ಅವನ ಎಡತೊಡೆಯ ಮೇಲೆ ಪಾರ್ವತಿ. ಚೀಟಿ ಮಾತ್ರ ವಿಜಯನಗರದ ಕೃಷ್ಣದೇವರಾಯನದ್ದು ಎನ್ನುತ್ತಿತ್ತು. ಸಂದೇಹ ಹೇಳಿದೆ. “ಹಿಂದೆ ತಿರುಗಿಸಿ ನೋಡಿ ಸಾರ್, ಕೃಷ್ಣ ಅಂತ ಬರೆದಿದೆಯಲ್ಲ” ಎಂದರು ಅಂಗಡಿಯವರು. ಅವರ ಮಾತೇನೂ ಸುಳ್ಳಲ್ಲ, ‘ಕೃಷ್ಣ’ ಸ್ಪಷ್ಟವಾಗಿಯೇ ಇತ್ತು. ಲೆನ್ಸ್ ಹಿಡಿದು ಮೂರನೆಯ ಸಾಲಿಗೆ ಬಂದೆ. ಮೊದಲು ‘ರಾ’. ಅದರ ಮುಂದಿನ ಅಕ್ಷರದ ಕೊಕ್ಕೆ ನಡುವಿನ ಅಡ್ಡಗೆರೆಯಿಂದ ನೇರಗೆರೆಗೆ ಅಂಟಿಕೊಂಡಿತ್ತು. ನಾಗರಿಯ ‘ಯ’ ಆಗಿದ್ದರೆ ಬಾಗು ಕೆಳಗಿಳಿದು ಸೇರಬೇಕಿತ್ತು. ಇದು ‘ಜ’. ‘ಪ್ರತಾಪ’ ಎಂಬುದಂತೂ ಎಲ್ಲೂ ಇರಲಿಲ್ಲ. ಶ್ರೀ ಕೃಷ್ಣರಾಜ, ಅಂದರೆ 1799ರಲ್ಲಿ ಪಟ್ಟಕ್ಕೆ ಬಂದ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು. ಒಂದು ಅಕ್ಷರವನ್ನು ತಪ್ಪಾಗಿ ಓದಿದ್ದಕ್ಕೆ ನಾಣ್ಯ ಇನ್ನೂರೈವತ್ತಕ್ಕೂ ಹೆಚ್ಚು ವರ್ಷ ಹಿಂದಕ್ಕೆ ಹೋಗಿಬಿಟ್ಟಿತ್ತು. ಅವರೂ ಲೆನ್ಸ್ ಇಸಿದುಕೊಂಡು ನೋಡಿದರು. “ಲಾಟಿನಲ್ಲಿ ಬಂದದ್ದು, ಚೀಟಿಯೂ ಅದರ ಜೊತೆಗೇ ಬಂತು” ಎಂದರು. ನಾನು ಅದನ್ನು ನಂಬುತ್ತೇನೆ. ತಪ್ಪು ಚೀಟಿಗಳಲ್ಲಿ ಬಹಳಷ್ಟು ಹೀಗೆ ಒಬ್ಬರಿಂದ ಒಬ್ಬರಿಗೆ ದಾಟಿಕೊಂಡು ಬಂದವೇ.

ನನಗೆ ಬೇಸರವಾಗುವುದು ಬೆಲೆಯ ವಿಷಯಕ್ಕಲ್ಲ. ದೊಡ್ಡ ಹೆಸರೊಂದು ಚಿಕ್ಕ ಹೆಸರುಗಳನ್ನು ನುಂಗುತ್ತಾ ಹೋಗುತ್ತದೆ. ಈ ಶಿವಪಾರ್ವತಿಯರ ವರಹಕ್ಕೆ ಅದರದೇ ಆದ ವಂಶಾವಳಿ ಇದೆ. ಮಲೆನಾಡಿನ ಕೆಳದಿ ಅರಸರು ಇದನ್ನು ಅಚ್ಚು ಹಾಕಿಸುತ್ತಿದ್ದರು. ಹಿಂಬದಿಯಲ್ಲಿ ‘ಶ್ರೀ ಸದಾಶಿವ’ ಎಂದಿರುವ ಇದೇ ಇಕ್ಕೇರಿ ವರಹ. 1763ರಲ್ಲಿ ಹೈದರಾಲಿ ಅವರ ರಾಜಧಾನಿ ಬಿದನೂರನ್ನು ಹಿಡಿದಾಗ ಟಂಕಸಾಲೆಯೂ ಅವನ ಕೈಗೆ ಬಂತು. ಅವನು ಶಿವಪಾರ್ವತಿಯರನ್ನು ಕದಲಿಸಲಿಲ್ಲ. ಹಿಂಬದಿಯನ್ನಷ್ಟೇ ಬದಲಿಸಿ, ಚುಕ್ಕೆಗಳ ನಡುವೆ ತನ್ನ ಹೆಸರಿನ ಮೊದಲ ಅಕ್ಷರವಾದ ಪರ್ಷಿಯನ್ ‘ಹೇ’ ಒಂದನ್ನು ಇರಿಸಿದ. ಅದೇ ಬಹಾದುರಿ ವರಹ. ಟಿಪ್ಪುವಿನ ನಂತರ ಒಡೆಯರ ಆಳ್ವಿಕೆ ಮರಳಿದಾಗ ಶಿವಪಾರ್ವತಿಯರು ಮತ್ತೆ ಬಂದರು, ಹಿಂದೆ ‘ಶ್ರೀ ಕೃಷ್ಣರಾಜ’ ಬಂತು. ಮುಖ ಒಂದೇ, ರಾಜ್ಯ ಮೂರು. ಜನ ಕಣ್ಣಿಗೊತ್ತಿಕೊಂಡು ನಂಬಿದ್ದ ನಾಣ್ಯದ ಮುಖವನ್ನು ಮುಟ್ಟಬಾರದು ಎಂಬ ವಿವೇಕ ಆ ಮೂವರಿಗೂ ಇತ್ತು. ಮೂರಕ್ಕೂ ವಿಜಯನಗರದ ಚೀಟಿ ಅಂಟಿಸಿದರೆ ಈ ಕಥೆಯೇ ಅಳಿಸಿಹೋಗುತ್ತದೆ.

‘ಸದಾಶಿವ’ ಎಂದು ಓದಿದ ಕೂಡಲೇ ವಿಜಯನಗರದ ಸದಾಶಿವರಾಯ ಎಂದು ಬರೆಯುವವರೂ ಇದ್ದಾರೆ. ಸದಾಶಿವರಾಯನ ನಾಣ್ಯದಲ್ಲಿ ‘ಶ್ರೀ ಪ್ರತಾಪ ಸದಾಶಿವರಾಯ’ ಎಂದಿರುತ್ತದೆ. ಕೆಳದಿಯದರಲ್ಲಿ ಬರೀ ‘ಶ್ರೀ ಸದಾಶಿವ’. ಇಲ್ಲಿ ಇನ್ನೊಂದು ಎಚ್ಚರವೂ ಬೇಕು. ಕೆಳದಿಯ ಸದಾಶಿವ ನಾಯಕನ ಹೆಸರಿನ ಈ ಅಚ್ಚನ್ನು ಅವನ ನಂತರ ಬಂದವರೂ ಮುಂದುವರಿಸಿದರು. ಹಾಗಾಗಿ ಹೆಸರು ಓದಿ ಕಾಲ ಹೇಳುವ ಹಾಗಿಲ್ಲ. ‘ಶ್ರೀ ಸದಾಶಿವ’ ಎಂದಿರುವ ವರಹವೊಂದು ಅವರಲ್ಲೊಬ್ಬಳಾದ ರಾಣಿ ಚೆನ್ನಮ್ಮಾಜಿಯ ಕಾಲದ್ದೇ ಇರಬಹುದು.

‘ಹೇ’ ಅಕ್ಷರ ಕಂಡಾಕ್ಷಣ ಹೈದರನೆಂದು ತೀರ್ಮಾನಿಸುವುದೂ ಅವಸರವೇ. ಟಿಪ್ಪು ತನ್ನ ವರಹ ಮತ್ತು ‘ಹಣ’ ಎಂಬ ಪುಟ್ಟ ಚಿನ್ನದ ನಾಣ್ಯಗಳ ಮೇಲೆ ತಂದೆಯ ಆ ಅಕ್ಷರವನ್ನು ಉಳಿಸಿಕೊಂಡ. ಇನ್ನೊಂದು ಬದಿಯನ್ನು ನೋಡಬೇಕು. ದೇವರಿದ್ದರೆ ತಂದೆಯದು, ಪರ್ಷಿಯನ್ ಬರಹ ತುಂಬಿದ್ದರೆ ಮಗನದು.

ಟಿಪ್ಪುವಿನ ನಾಣ್ಯಗಳ ಚೀಟಿಯಲ್ಲಿ ಇಸವಿಯ ತಪ್ಪುಗಳು ವಿಪರೀತ. ಪಟ್ಟಕ್ಕೆ ಬಂದ ಹೊಸದರಲ್ಲಿ ಅವನು ಹಿಜರಿ ವರ್ಷ ಬಳಸಿದ. ಆಮೇಲೆ ಮೌಲೂದಿ ಎಂಬ ತನ್ನದೇ ಎಣಿಕೆ ತಂದು, ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. ನಮ್ಮ ಅಭ್ಯಾಸದಂತೆ ಎಡದಿಂದ ಓದಿದರೆ 5121 ಎಂದು ಕಾಣುವುದು ನಿಜವಾಗಿ 1215. ಅಲ್ಲಿಗೂ ಮುಗಿಯಲಿಲ್ಲ. ಅದನ್ನು ಹಿಜರಿ ಎಂದುಕೊಂಡು ಲೆಕ್ಕ ಹಾಕಿದರೆ ಕ್ರಿ.ಶ. 1800 ಬರುತ್ತದೆ. ಟಿಪ್ಪು ಶ್ರೀರಂಗಪಟ್ಟಣದ ಕೋಟೆಯಲ್ಲಿ ಮಡಿದದ್ದು 1799ರ ಮೇ ತಿಂಗಳಲ್ಲಿ! ಮೌಲೂದಿ 1215 ಎಂದರೆ ಸುಮಾರು 1787. ಊರಿನ ಹೆಸರುಗಳನ್ನೂ ಅವನು ಬದಲಿಸಿದ್ದ. ನಾಣ್ಯದ ಮೇಲಿನ ‘ಫೈಜ್ ಹಿಸಾರ್’ ಆಂಧ್ರಪ್ರದೇಶದ ಗುತ್ತಿ, ‘ಖುರ್ಶೀದ್ ಸವಾದ್’ ಧಾರವಾಡ, ‘ಖಾಲಿಖಾಬಾದ್’ ತಮಿಳುನಾಡಿನ ದಿಂಡಿಗಲ್. ಮದ್ರಾಸ್ ಮ್ಯೂಸಿಯಂನ ಹೆಂಡರ್ಸನ್ 1921ರಲ್ಲಿ ಪ್ರಕಟಿಸಿದ ಹೈದರ್–ಟಿಪ್ಪು ನಾಣ್ಯಗಳ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡರೆ ಇವೆಲ್ಲ ಬಗೆಹರಿಯುತ್ತವೆ. ನೂರು ವರ್ಷ ಕಳೆದರೂ ಆ ಪುಸ್ತಕ ಕೈಬಿಡುವಂಥದ್ದಲ್ಲ.

ತಾಮ್ರದ ಕಾಸಿನ ಮೇಲೆ ಆನೆ ಇದ್ದರೆ ಸಾಕು, ಟಿಪ್ಪುವಿನದು ಎನ್ನುವುದು ರೂಢಿಯಾಗಿದೆ. ಮುಮ್ಮಡಿಯವರ ಕಾಸಿನ ಮೇಲೂ ಆನೆ ಇದೆ. ಅದರ ಮೇಲ್ಗಡೆ ಸೂರ್ಯ ಚಂದ್ರರ ನಡುವೆ ಕನ್ನಡದ ‘ಶ್ರೀ’ ಇದ್ದರೆ ಮತ್ತೆ ಯೋಚಿಸಬೇಕಾದ್ದಿಲ್ಲ. ‘1818, ಈಸ್ಟ್ ಇಂಡಿಯಾ ಕಂಪನಿ, ಅರ್ಧ ಆಣೆ’ ಎಂದು ಕೆತ್ತಿ ರಾಮನನ್ನೋ ಹನುಮಂತನನ್ನೋ ಇರಿಸಿದ ಬಿಲ್ಲೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಂಪನಿ ಅಂಥ ನಾಣ್ಯವನ್ನು ಎಂದೂ ಹೊರಡಿಸಿಲ್ಲ. ಅದು ಲಕ್ಷಗಟ್ಟಲೆ ಬೆಲೆ ಬಾಳುತ್ತದೆಂದು ನಂಬಿಸಿ ಬಡವರ ಉಳಿತಾಯ ಕಸಿಯುವವರ ಮೇಲೆ ನನಗೆ ಸಿಟ್ಟಿದೆ. ಹಳೆಯ ನಾಣ್ಯ ಮಾರಿಸಿಕೊಡುತ್ತೇವೆಂದು ತನ್ನ ಹೆಸರಿನಲ್ಲಿ ಶುಲ್ಕ ಕೇಳುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಸಬೇಕಾಯಿತು.

ನನಗೆ ಬಹಳ ಇಷ್ಟವಾದ ಗೊಂದಲ ಕಂಠೀರಾಯಿ ಹಣದ್ದು. ತೊಗರಿಬೇಳೆಗಿಂತ ಚಿಕ್ಕ ಚಿನ್ನದ ಹನಿ. ಅದರ ಮೇಲೆ ನರಸಿಂಹ. 1638ರಿಂದ 1659ರವರೆಗೆ ಆಳಿದ ಕಂಠೀರವ ನರಸರಾಜ ಒಡೆಯರು ಇದನ್ನು ಹೊರಡಿಸಿದರು. ಟಿಪ್ಪುವಿನ ನಂತರ ದಿವಾನ್ ಪೂರ್ಣಯ್ಯ ಇದನ್ನೇ ಮತ್ತೆ ಅಚ್ಚು ಹಾಕಿಸಿದರು. ಜನ ಎರಡನ್ನೂ ಬೇರ್ಪಡಿಸಿಯೇ ಕರೆದರು. ಹಳೆಯದು ‘ಅಗಲ ಕಂಠೀರಾಯಿ’, ಪೂರ್ಣಯ್ಯನವರದು ‘ಗಿಡ್ಡ ಕಂಠೀರಾಯಿ’. ಸಂತೆಯಲ್ಲಿ ಮೆಣಸು ಮಾರುವವನಿಗೂ ತಿಳಿದಿದ್ದ ವ್ಯತ್ಯಾಸ ಇಂದಿನ ಹರಾಜು ಪಟ್ಟಿಗಳಲ್ಲಿ ಎಷ್ಟೋ ಸಲ ಕಾಣೆಯಾಗಿರುತ್ತದೆ. ಎರಡಕ್ಕೂ ಕಂಠೀರವರ ಇಸವಿಯನ್ನೇ ಹಾಕಿಬಿಡುತ್ತಾರೆ.

ಆ ದಿನ ಅಂಗಡಿಯವರು ಚೀಟಿ ಹರಿದು ಹೊಸದನ್ನು ಬರೆದರು. ಬೆಲೆಯನ್ನೂ ಇಳಿಸಿದರು. ವರಹವನ್ನು ಕೊಂಡವರು ಮೈಸೂರು ಒಡೆಯರ ನಾಣ್ಯಗಳನ್ನಷ್ಟೇ ಕೂಡಿಸುತ್ತಿದ್ದ ಹಿರಿಯರೊಬ್ಬರು. ಬೆಳಿಗ್ಗೆ ಅವರು ಆ ಮೇಜಿನ ಮುಂದೆಯೇ ಹಾದುಹೋಗಿದ್ದರಂತೆ; ವಿಜಯನಗರ ಎಂದು ಬರೆದದ್ದರಿಂದ ನಿಂತು ನೋಡಿರಲಿಲ್ಲ.