ಲೆಕ್ಕದ ಯಂತ್ರವೂ ಬಾಯಿಲೆಕ್ಕವೂ

ಈಚೆಗೆ ಕೊಂಡಜ್ಜಿಯ ನಮ್ಮ ಮನೆಯಲ್ಲಿ ಅಂಗೈಯಗಲದ ಒಂದು ಯಂತ್ರದ ವಿಷಯವಾಗಿ ದೊಡ್ಡ ಚರ್ಚೆಯೇ ನಡೆಯಿತು. ನಮ್ಮ ತಮ್ಮನ ಮಗನು ದಾವಣಗೆರೆಯಲ್ಲಿ ವಾಣಿಜ್ಯ ಪದವಿ ಮುಗಿಸಿ, ಹಣಕಾಸು ವಿಶ್ಲೇಷಕರ ಸಿ.ಎಫ್.ಎ. ಪರೀಕ್ಷೆಯ ಮೊದಲ ಹಂತಕ್ಕೆ ಕಟ್ಟಿದ್ದನು. ಶುಲ್ಕದ ಹಣವೆಲ್ಲ ಅವನ ತಂದೆ ಮೆಕ್ಕೆಜೋಳ ಮಾರಿ ತಂದದ್ದು. ಅದರ ಮೇಲೆ ಕ್ಯಾಲ್ಕುಲೇಟರಿಗೆಂದು ಮತ್ತೆ ಹಣ ಕೇಳಿದಾಗ ನಾವೇ ಅಡ್ಡ ಬಂದೆವು. "ಮನೆಯಲ್ಲಿ 12 ಅಂಕೆಯ ಯಂತ್ರವಿದೆಯಲ್ಲಪ್ಪಾ, ಅದು ಸಾಲದೆ?" ಎಂದೆವು.

ಸಿ.ಎ. ಪರೀಕ್ಷೆಗೆ 6 ಕ್ರಿಯೆ, 12 ಅಂಕೆ, 2 ಮೆಮೊರಿಗಳನ್ನು ಮೀರದ ಸಾಧಾರಣ ಯಂತ್ರವನ್ನೇ ಒಯ್ಯಬೇಕೆಂದು ನಾವು ಕೇಳಿದ್ದೆವು. ಎರಡು ಪರೀಕ್ಷೆಗಳಿಗೂ ಒಂದೇ ನಿಯಮವೆಂದು ಬಗೆದದ್ದು ನಮ್ಮ ತಪ್ಪು. "ದೊಡ್ಡಪ್ಪ, ಈ ಪರೀಕ್ಷೆಗೆ ಎರಡೇ ಬಗೆಯವನ್ನು ಒಳಗೆ ಬಿಡ್ತಾರೆ" ಎಂದು ಹುಡುಗನು ಹೇಳಿದರೂ ನಾವು ನಂಬಲಿಲ್ಲ. ನಮ್ಮ ಹಟದಿಂದ ಅವನ ಎರಡು ತಿಂಗಳು ವ್ಯರ್ಥವಾದವು.

ಆ ಎರಡರಲ್ಲಿ ಒಂದು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನವರ ಬಿಎ ಟು ಪ್ಲಸ್. ಇನ್ನೊಂದು 1981ರಲ್ಲಿ ಬಂದ ಎಚ್.ಪಿ. 12ಸಿ. ಇದರಲ್ಲಿ ಐದಕ್ಕೆ ಮೂರನ್ನು ಕೂಡಬೇಕಾದರೆ ಅಂಕೆಗಳೆರಡನ್ನೂ ಮೊದಲು ಕೊಟ್ಟು, ಕೂಡುವ ಚಿಹ್ನೆಯನ್ನು ಕಡೆಗೆ ಒತ್ತಬೇಕು. ಕರ್ತೃ ಕರ್ಮಗಳಾದ ಮೇಲೆ ಕ್ರಿಯಾಪದ ಬರುವ ನಮ್ಮ ಕನ್ನಡ ವಾಕ್ಯದ ರೀತಿ! ನಮಗೆ ಅದು ಹಿಡಿಸಿತು. ಆದರೆ ಹುಡುಗನ ಕೈ ಶಾಲೆಯಿಂದಲೂ ಬೇರೆ ಕ್ರಮಕ್ಕೆ ಪಳಗಿತ್ತು. ನಾಲ್ಕೂವರೆ ಗಂಟೆಗಳಲ್ಲಿ 180 ಪ್ರಶ್ನೆಗಳು, ಎಂದರೆ ಪ್ರಶ್ನೆಗೆ ಒಂದೂವರೆ ನಿಮಿಷ. ಹೊಸ ಕ್ರಮ ಕಲಿಯಲು ಕಾಲವೆಲ್ಲಿ? ಗೆಳೆಯನೊಬ್ಬ ಬಳಸಿ ಬಿಟ್ಟಿದ್ದ ಬಿಎ ಟು ಪ್ಲಸ್ ಅನ್ನೇ ತಂದನು.

ಒಂದು ಸಂಜೆ ಕೆರೆಯ ಏರಿಯ ಮೇಲೆ ಕುಳಿತಿದ್ದಾಗ, ಮಠದ ಪಾಠಶಾಲೆಯಲ್ಲಿ ಭಾಸ್ಕರಾಚಾರ್ಯನ ಲೀಲಾವತಿಯನ್ನು ಓದಿದ ಹುರುಪಿನಿಂದ ನಾವು ಕೇಳಿದೆವು: "10,000 ರೂಪಾಯಿಗೆ ನೂರಕ್ಕೆ 10ರಂತೆ ಚಕ್ರಬಡ್ಡಿ. 2 ವರ್ಷಕ್ಕೆ ಒಟ್ಟು ಎಷ್ಟು?" ನಮ್ಮ ಬಾಯಿಲೆಕ್ಕ 12,100 ಎಂದಿತು. ಅವನ ಯಂತ್ರ 10,167.36 ಎಂದು ತೋರಿಸಿತು. ಅವನು ಯಂತ್ರವನ್ನೇ ನಂಬಿದನು, ನಾವು ಬಾಯಿಯನ್ನು. ಕೈಪಿಡಿ ತೆರೆದು ನೋಡಿದಾಗ ಗುಟ್ಟು ತಿಳಿಯಿತು. ಹಿಂದಿನವನು ವರ್ಷಕ್ಕೆ 12 ಕಂತು ಎಂದು ಇಟ್ಟುದು ಹಾಗೆಯೇ ಉಳಿದಿತ್ತು. ಯಂತ್ರವು ಬಡ್ಡಿಯ ದರವನ್ನು 12ರಿಂದ ಭಾಗಿಸಿ, 2 ವರ್ಷವನ್ನು 2 ತಿಂಗಳೆಂದು ಎಣಿಸಿತ್ತು. 12ನ್ನು 1 ಮಾಡಿದೊಡನೆ 12,100 ಬಂದಿತು.

ಹುಡುಗನ ಮುಖ ಬಾಡಿತು. "ಪರೀಕ್ಷೆಯಲ್ಲಿ ಮೂರು ಉತ್ತರ ಕೊಟ್ಟಿರ್ತಾರೆ, ದೊಡ್ಡಪ್ಪ. ಈ ತಪ್ಪು ಉತ್ತರವೂ ಅದರೊಳಗೆ ಇದ್ದರೆ ನಾನು ಅದನ್ನೇ ಗುರುತು ಮಾಡಿ ಬರ್ತಿದ್ದೆ" ಎಂದನು. ನಮಗೆ ಅವನ ತಂದೆಯ ಮೆಕ್ಕೆಜೋಳದ ಚೀಲಗಳು ಕಣ್ಣಮುಂದೆ ಬಂದವು. ಎರಡು ತಿಂಗಳು ಮೊದಲೇ ಯಂತ್ರ ಕೈಗೆ ಬಂದಿದ್ದರೆ ಈ ದೋಷವೂ ಅಷ್ಟು ಮೊದಲೇ ಹೊರಬೀಳುತ್ತಿತ್ತು.

ಮಕ್ಕಳನ್ನು ಇಂಥ ಪರೀಕ್ಷೆಗಳಿಗೆ ಕಳುಹಿಸುವ ಹಿರಿಯರಲ್ಲಿ ನಮ್ಮ ವಿನಂತಿಯಿಷ್ಟೆ. ಬೇಡವೆನ್ನುವ ಮುನ್ನ ಆಯಾ ಪರೀಕ್ಷೆಯ ನಿಯಮವನ್ನು ಓದಿರಿ. ಮೊದಲ ಪುಸ್ತಕ ತರುವ ದಿನವೇ ಯಂತ್ರವನ್ನೂ ಕೊಡಿಸಿರಿ. ಉತ್ತರ ಗೊತ್ತಿರುವ ಲೆಕ್ಕವೊಂದನ್ನು ಅದರ ಮುಂದಿಟ್ಟು ಪರೀಕ್ಷಿಸಲು ಹೇಳಿರಿ.

ಬರುವ ತಿಂಗಳು ಅವನು ಪರೀಕ್ಷೆಗೆಂದು ಬೆಂಗಳೂರಿಗೆ ಹೋಗುತ್ತಾನೆ. ಈಗ ಪ್ರತಿದಿನ ಓದಲು ಕುಳಿತೊಡನೆ ಮೊದಲು ಆ 10,000ದ ಲೆಕ್ಕವನ್ನು ಒತ್ತಿ, "ದೊಡ್ಡಪ್ಪ, 12,100" ಎಂದು ಕೂಗಿ ಹೇಳುತ್ತಾನೆ. "ಸರಿ, ಮುಂದುವರಿಸು" ಎನ್ನುತ್ತೇವೆ.