ಅಣ್ಣನ ಕಿವಿಯ ಜೀರುಂಡೆ

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲನೆಯವನು. ಹತ್ತಿಸಿದವನು ಅಣ್ಣ, ಅಣ್ಣನಿಗೆ ಅನ್ನ ಕೊಟ್ಟದ್ದು ಒಂದು ಹೊಲಿಗೆ ಯಂತ್ರ. ಅವನ ಕಥೆ ಹೇಳುವಾಗ ಸಭ್ಯರು ಹೆಸರೆತ್ತದ ಒಂದು ಅಂಗದ ಮಾತು ಬರುತ್ತದೆ. ಓದುಗ ಮಿತ್ರರು ಮುಖ ತಿರುಗಿಸಬಾರದು. ಬರೆಯಲು ಅಣ್ಣನ ಅಪ್ಪಣೆ ಪಡೆದೇ ಕುಳಿತಿದ್ದೇನೆ.

2017ರಲ್ಲಿ, ಅವನ 26ನೆಯ ವಯಸ್ಸಿನಲ್ಲಿ, ಅಣ್ಣನಿಗೆ ವೃಷಣದ ಕ್ಯಾನ್ಸರ್ ಎಂದು ತಿಳಿಯಿತು. ನೋವಿಲ್ಲದ ಒಂದು ಗಂಟು. ನಾಚಿಕೆಯಿಂದ ಆರು ತಿಂಗಳು ಯಾರಿಗೂ ಹೇಳಿರಲಿಲ್ಲ. ಅಷ್ಟರಲ್ಲಿ ರೋಗ ಹೊಟ್ಟೆಯೊಳಗಿನ ಗ್ರಂಥಿಗಳಿಗೂ ಹತ್ತಿತ್ತು. ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸೆ, ಆಮೇಲೆ ಮೂರು ವಾರಕ್ಕೊಂದರಂತೆ 3 ಸುತ್ತು ಕೀಮೋಥೆರಪಿ. ಉದುರಿದ ಕೂದಲು ಮತ್ತೆ ಬಂತು. ‘ವಾಸಿಯಾಯಿತು’ ಎಂದರು. ಅವ್ವ ಊರದೇವತೆಗೆ ತಂಬಿಟ್ಟಿನ ಆರತಿ ಹೊತ್ತಳು. ಕಥೆ ಮುಗಿಯಿತೆಂದು ನಾವೆಲ್ಲ ನಂಬಿದೆವು.

ಕ್ರಮೇಣ ಅಣ್ಣ, ಕರೆದರೆ ತಿರುಗಿ ನೋಡದವನಾದ. ಅವ್ವನ ತೆಳುದನಿಯಂತೂ ಅವನಿಗೆ ತಲುಪುತ್ತಲೇ ಇರಲಿಲ್ಲ. ‘ಜೀವ ಉಳಿದಮೇಲೆ ಇವನಿಗೆ ಜಂಭ ಬಂದಿದೆ’ ಎಂದು ನಾನೇ ಒಮ್ಮೆ ಅಂದುಬಿಟ್ಟೆ. ಅದೂ ಅವನಿಗೆ ಕೇಳಿಸಲಿಲ್ಲವೆಂದೇ ಇಂದಿಗೂ ಸಮಾಧಾನಪಟ್ಟುಕೊಳ್ಳುತ್ತೇನೆ.

ಒಂದು ಬೇಸಿಗೆಯ ಮಧ್ಯಾಹ್ನ ಅಂಗಡಿಯಲ್ಲಿ, “ಈ ಜೀರುಂಡೆ ಕೂಗೋದು ನಿನಗೂ ಕೇಳ್ತದೇನೋ?” ಎಂದ. ಪೇಟೆಬೀದಿಯ ಬಿಸಿಲಿನಲ್ಲಿ ಎಲ್ಲಿಯ ಜೀರುಂಡೆ! ರಾತ್ರಿ ನಮ್ಮ ಹಿತ್ತಲಿನಲ್ಲಿ ನಿಜವಾದ ಜೀರುಂಡೆಗಳು ಕೂಗುವಾಗ ಅವನಿಗೆ ಅವು ಕೇಳಿಸುವುದಿಲ್ಲ. ಹಗಲಿರುಳೂ ಕೇಳಿಸುವುದು ಕಿವಿಯೊಳಗಿನದು ಒಂದೇ.

ಆ ವರ್ಷದ ತಪಾಸಣೆಗೆ ನಾನೂ ಜೊತೆಗೆ ಹೋದೆ. ಅವನಿಗೆ ಕೊಟ್ಟ ಔಷಧಗಳಲ್ಲಿ ಮುಖ್ಯವಾದುದು ಸಿಸ್‌ಪ್ಲಾಟಿನ್. ಅದರಲ್ಲಿರುವುದು ಪ್ಲಾಟಿನಂ ಲೋಹ. ಒಳಗಿವಿಯ ಸೂಕ್ಷ್ಮ ಕೋಶಗಳು ಅದರಿಂದ ಸತ್ತರೆ ಮತ್ತೆ ಹುಟ್ಟುವುದಿಲ್ಲ, ಕೈಕಾಲಿನ ನರಗಳಿಗೆ ಜೋಮು ಹಿಡಿಯುತ್ತದೆ, ಮೂತ್ರಪಿಂಡ, ರಕ್ತದೊತ್ತಡ, ಹೃದಯಗಳ ಮೇಲೆ ಬಾಳಿಡೀ ಕಣ್ಣಿಟ್ಟಿರಬೇಕು ಎಂದು ವೈದ್ಯರು ವಿವರಿಸಿದರು. ಚಿಕಿತ್ಸೆ ಮುಗಿದು ಹತ್ತು ವರ್ಷ ಮೀರಿದವರ ರಕ್ತದಲ್ಲಿಯೂ ಈ ಲೋಹದ ಅಂಶ ಸಿಕ್ಕಿದೆಯೆಂದು ಆಮೇಲೆ ಓದಿದೆ.

ಬೈಯೋಣವೆಂದರೆ ಅದಕ್ಕೂ ಬಾಯಿ ಬರುವುದಿಲ್ಲ. 1965ರಲ್ಲಿ ಅಮೆರಿಕದ ರೋಸೆನ್‌ಬರ್ಗ್ ಎಂಬ ವಿಜ್ಞಾನಿ ಬ್ಯಾಕ್ಟೀರಿಯಾಗಳ ನಡುವೆ ಪ್ಲಾಟಿನಂ ಕಡ್ಡಿಗಳ ಮೂಲಕ ವಿದ್ಯುತ್ ಹರಿಸಿ, ಅವು ಒಡೆದು ಎರಡಾಗುವುದು ನಿಂತದ್ದನ್ನು ಕಂಡರು. 1974ರಲ್ಲಿ ಇಂಡಿಯಾನದ ವೈದ್ಯ ಐನ್‌ಹಾರ್ನ್ ಅದೇ ಲೋಹದ ಔಷಧವನ್ನು ಬೇರೆರಡರ ಜೊತೆಗೆ ಸೇರಿಸಿ ಈ ಕ್ಯಾನ್ಸರಿಗೆ ಕೊಡತೊಡಗಿದರು. ಅದಕ್ಕೆ ಮುಂಚೆ, ಹರಡಿದ ಈ ರೋಗದಿಂದ ಉಳಿದವರು ಬಲು ವಿರಳ. ಈಗ ಬಹುಪಾಲು ಮಂದಿ ಉಳಿಯುತ್ತಾರೆ. ನಮ್ಮ ಅಣ್ಣನೂ ಉಳಿದ.

ಆದರೆ ಒಂದು ಕೊರಗು. ಔಷಧಕ್ಕೆ ಮುಂಚೆಯೇ ವೀರ್ಯವನ್ನು ಶೈತ್ಯದಲ್ಲಿ ಕಾಪಿಡಬಹುದೆಂದು ನಮಗೆ ಯಾರೂ ಹೇಳಲಿಲ್ಲ. ಕೆಲವರಿಗೆ ಎರಡು ಮೂರು ವರ್ಷದಲ್ಲಿ ಆ ಶಕ್ತಿ ಮರಳುತ್ತದೆ, ಅಣ್ಣನಿಗೆ ಮರಳಲಿಲ್ಲ. ಹೋದ ವರ್ಷ ಒಂದು ಸಂಬಂಧ ಬಂದಿತ್ತು. ಅವ್ವ ಬೇಡವೆಂದು ಕಣ್ಣುಸನ್ನೆ ಮಾಡಿದರೂ ಅಣ್ಣ ಹೆಣ್ಣಿನ ಸೋದರಮಾವನಿಗೆ ಎಲ್ಲವನ್ನೂ ಹೇಳಿಬಿಟ್ಟ. ಕಾಫಿ ಚೆನ್ನಾಗಿತ್ತೆಂದು ಹೇಳಿ ಅವರು ಹೊರಟುಹೋದರು.

ಯಂತ್ರ ತುಳಿಯಲು ಅಣ್ಣನಿಗೆ ಈಗಲೂ ಅಡ್ಡಿಯಿಲ್ಲ. ಕಾಜಾ, ಗುಂಡಿ, ಹೆಮ್ಮಿಂಗಿನ ಕೈಕೆಲಸವೇ ಕಷ್ಟ. ಸೂಜಿ ಬೆರಳಲ್ಲಿದೆಯೋ ಜಾರಿತೋ ತಿಳಿಯುವುದಿಲ್ಲ. ಚುಚ್ಚಿದರೆ ಬಟ್ಟೆಯ ಮೇಲಿನ ರಕ್ತ ನೋಡಿಯೇ ಗೊತ್ತಾಗಬೇಕು. ಅದಕ್ಕೇ ನಾನು ಕಾಲೇಜಿಗೆ ಹೊರಡುವ ಮುನ್ನ ಹತ್ತು ಸೂಜಿಗಳಿಗೆ ದಾರ ಪೋಣಿಸಿ ದಿಂಡಿಗೆ ಚುಚ್ಚಿಟ್ಟು ಬರುತ್ತೇನೆ. ಬರುವ ತಿಂಗಳು ಪರೀಕ್ಷೆ. ಆಮೇಲೆ ಬೆಂಗಳೂರಿಗೆ ಹೋಗಿ ಕೆಲಸ ನೋಡಿಕೋ ಎನ್ನುತ್ತಾನೆ ಅಣ್ಣ. “ಸೂಜಿ?” ಎಂದು ಕೇಳಿದೆ. ಅವನಿಗೆ ಕೇಳಿಸಲಿಲ್ಲವೋ ಏನೋ, ತಲೆ ತಗ್ಗಿಸಿ ಯಂತ್ರ ತುಳಿಯುತ್ತಲೇ ಇದ್ದ.