ಸ್ಟಿಲ್ಟನ್ ಊರಿನ ಗಂಟೆ

ಸ್ಟಿಲ್ಟನ್ ಅಂದ ಕೂಡಲೆ ಎಲ್ಲರಿಗೂ ನೆನಪಾಗೋದು ಚೀಸು. ನೀಲಿ ಗೆರೆಗಳಿರುವ, ಮೊದಲ ಸಲ ಮೂಗು ಮುಚ್ಚಿಕೊಂಡೇ ತಿನ್ನಬೇಕಾದ ಇಂಗ್ಲಿಷ್ ಚೀಸು. ಆ ಹೆಸರಿನದ್ದೇ ಒಂದು ಹಳ್ಳಿ ಇದೆ ಅಂತ ನನಗೆ ಗೊತ್ತಾಗಿದ್ದು ಆಫೀಸಿನ ಕೆಲಸಕ್ಕೆ ಪೀಟರ್‌ಬರೋದಲ್ಲಿದ್ದಾಗ. ಆ ಹಳ್ಳಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಚೀಸಲ್ಲ, ಬೆಲ್ ಇನ್.

ಮುಖ್ಯ ಬೀದಿಗೆ ಮುಖ ಮಾಡಿ ನಿಂತಿರುವ ಹಳೆಯ ಕಲ್ಲಿನ ಕಟ್ಟಡ. ಮುಂದೆ ತಾಮ್ರದ ದೊಡ್ಡ ಗಂಟೆ ಫಲಕ. ನಡುವೆ ಒಂದು ಕಮಾನು, ಅದರೊಳಗೆ ಹೋದರೆ ಅಂಗಳ, ಅಂಗಳದ ಸುತ್ತ ಉಳಿದುಕೊಳ್ಳುವ ಕೋಣೆಗಳು. ಕಮಾನು ಶೋಕಿಗೆ ಕಟ್ಟಿದ್ದಲ್ಲ. ಲಂಡನ್ನಿನಿಂದ ಎಡಿನ್‌ಬರೋಗೆ ಹೋಗುತ್ತಿದ್ದ ಗ್ರೇಟ್ ನಾರ್ತ್ ರೋಡ್ ಅಂದ್ರೆ ಇದೇ ಬೀದಿ. ಸಾರೋಟು ಜನರ ಸಮೇತ ಸೀದಾ ಒಳಗೆ ಬರಬೇಕು, ಬೆವರಿದ ಕುದುರೆಗಳನ್ನು ಬಿಚ್ಚಿ ಹೊಸ ಕುದುರೆ ಕಟ್ಟಬೇಕು, ಅಷ್ಟರಲ್ಲಿ ಜನ ಒಂದಿಷ್ಟು ತಿಂದು ಕುಡಿದು ಹತ್ತಬೇಕು. ಹತ್ತು ಹದಿನೈದು ಮೈಲಿಗೊಂದು ಕಡೆ ಹೀಗೆ. ಕುದುರೆಗೆ ಸುಸ್ತಾಗುತ್ತೆ ಅನ್ನೋ ಒಂದೇ ಕಾರಣಕ್ಕೆ ಎಷ್ಟು ಊರುಗಳು ಬದುಕಿದವು ನೋಡಿ!

18ನೇ ಶತಮಾನದಲ್ಲಿ ಇದರ ಯಜಮಾನನಾಗಿದ್ದವನು ಕೂಪರ್ ಥಾರ್ನ್‌ಹಿಲ್. ಪುಣ್ಯಾತ್ಮ 1745ರಲ್ಲಿ ಬಾಜಿ ಕಟ್ಟಿ ಸ್ಟಿಲ್ಟನ್ನಿನಿಂದ ಲಂಡನ್ನಿಗೆ, ಅಲ್ಲಿಂದ ವಾಪಸ್, ಮತ್ತೆ ಲಂಡನ್ನಿಗೆ ಕುದುರೆ ಓಡಿಸಿದ. 213 ಮೈಲಿ, 12 ಗಂಟೆ 17 ನಿಮಿಷ. ದಾರಿಯುದ್ದಕ್ಕೂ ಕುದುರೆ ಬದಲಿಸುತ್ತಾ ಹೋದ, ನಿಜ. ಆದರೆ ಸವಾರ ಬದಲಾಗಲಿಲ್ಲವಲ್ಲ :-)

ಚೀಸಿಗೆ ಊರಿನ ಹೆಸರು ಅಂಟಿಕೊಂಡಿದ್ದೂ ಹೀಗೇ. ದಾರಿಹೋಕರು ಇಲ್ಲಿ ಕೊಂಡು ತಿಂದರು, ಹೋದ ಕಡೆಯೆಲ್ಲ ಸ್ಟಿಲ್ಟನ್ ಚೀಸ್ ಅಂದರು. ಈಗಿನ ತಮಾಷೆ ಏನಂದ್ರೆ, 1996ರಲ್ಲಿ ಈ ಹೆಸರಿಗೆ ಕಾನೂನಿನ ರಕ್ಷಣೆ ಸಿಕ್ಕಿತು; ಅದರ ಪ್ರಕಾರ ಸ್ಟಿಲ್ಟನ್ ಚೀಸನ್ನು ಡರ್ಬಿಶೈರ್, ಲೆಸ್ಟರ್‌ಶೈರ್, ನಾಟಿಂಗ್‌ಹ್ಯಾಮ್‌ಶೈರ್‌ಗಳಲ್ಲಿ ಮಾತ್ರ ಮಾಡಬಹುದು. ಸ್ಟಿಲ್ಟನ್ ಇರೋದು ಕೇಂಬ್ರಿಜ್‌ಶೈರ್‌ನಲ್ಲಿ! ಊರಿನವರಿಗೆ ಹೊಟ್ಟೆ ಉರಿಯದೆ ಇರುತ್ತಾ?

1850ರಲ್ಲಿ ಲಂಡನ್‌ನಿಂದ ಪೀಟರ್‌ಬರೋಗೆ ರೈಲು ಬಂತು. ರೈಲಿಗೆ ಕುದುರೆ ಬದಲಿಸೋ ಕೆಲಸ ಇಲ್ಲ. ಅಲ್ಲಿಗೆ ಸಾರೋಟುಗಳ ಕಥೆ ಮುಗೀತು, ಇನ್ ಕಥೆಯೂ ಮುಗಿಯುತ್ತಾ ಬಂತು. ಮೋಟಾರು ಕಾಲದಲ್ಲಿ ಬೀದಿಗೆ ಸ್ವಲ್ಪ ಜೀವ ಬಂದರೂ ಆಮೇಲೆ ಹೆದ್ದಾರಿಯೇ ಊರು ಬಿಟ್ಟು ಪಕ್ಕಕ್ಕೆ ಸರಿಯಿತು. 20ನೇ ಶತಮಾನದ ಕೊನೆಗೆ ಯಾರೋ ಮನಸ್ಸು ಮಾಡಿ ರಿಪೇರಿ ಮಾಡಿಸಿದ್ದರಿಂದ ಕಟ್ಟಡ ಉಳಿದಿದೆ.

ಒಳಗೆ ಬಾರಿನಲ್ಲಿ ರಿಯಲ್ ಏಲ್ ಕೊಡ್ತಾರೆ. ಇದೇನು ಅಂತ ತಿಳಿದುಕೊಳ್ಳೋಕೆ ನನಗೆ ಒಂದು ಸಂಜೆ ಹಿಡಿಯಿತು. ಮಾಮೂಲಿ ಕೆಗ್ ಬಿಯರನ್ನು ಸೋಸಿ, ಗ್ಯಾಸ್ ಒತ್ತಡದಿಂದ ಗ್ಲಾಸಿಗೆ ತಳ್ಳುತ್ತಾರೆ. ಏಲ್ ಹಾಗಲ್ಲ. ಯೀಸ್ಟ್ ಪೀಪಾಯಿಯಲ್ಲೇ ಜೀವಂತ ಇದ್ದು, ನೆಲಮಾಳಿಗೆಯಲ್ಲಿ ಎರಡನೇ ಸಲ ಹುಳಿಯುತ್ತದೆ. 11ರಿಂದ 13 ಡಿಗ್ರಿ ತಂಪು, ಮೇಲಕ್ಕೆ ಎಳೆಯೋಕೆ ಕೈ ಪಂಪು. ಕೆಗ್ ಬಿಯರಿನ ಹಾವಳಿಗೆ ಬೇಸತ್ತು ನಾಲ್ಕು ಜನ 1971ರಲ್ಲಿ ಕ್ಯಾಮ್ರಾ ಅಂತ ಸಂಘ ಕಟ್ಟಿರದಿದ್ದರೆ ಈ ಪಂಪುಗಳು ಮ್ಯೂಸಿಯಂ ಸೇರುತ್ತಿದ್ದವೇನೋ. ಸಸ್ಯಾಹಾರಿ ಮಿತ್ರರಿಗೆ ಒಂದು ಕಿವಿಮಾತು: ಏಲ್ ತಿಳಿಯಾಗಲಿ ಅಂತ ಮೀನಿನ ಗಾಳಿಚೀಲದಿಂದ ತೆಗೆದ ಐಸಿಂಗ್ಲಾಸ್ ಹಾಕೋದು ಹಳೇ ಪದ್ಧತಿ. ಈಗ ಕೆಲವರು ಬಿಟ್ಟಿದ್ದಾರೆ, ಕೇಳಿ ಕುಡೀರಿ. ನಾನು ಕೇಳಿದ್ದಕ್ಕೆ ಬಾರಿನವ ನಕ್ಕ. ನನಗೆ ಸಿಕ್ಕಿದ್ದು ಸೇಬಿನ ಜ್ಯೂಸು.

ಜೀವಂತ ಬಿಯರಿನ ತೊಂದರೆ ಏನಂದ್ರೆ, ಪೀಪಾಯಿ ತೆರೆದ ಮೇಲೆ ಮೂರು ದಿನದ ಆಸುಪಾಸಿನಲ್ಲಿ ಖಾಲಿಯಾಗಬೇಕು. ಆಮೇಲೆ ರುಚಿ ಕೆಡುತ್ತದೆ. ಸಾಮಾನ್ಯ ಪೀಪಾಯಿಗೆ 72 ಪಿಂಟ್. ಅಂದರೆ ಒಂದೊಂದು ಪಂಪಿಗೂ ದಿನಕ್ಕೆ 24 ಗ್ಲಾಸ್ ಕುಡಿಯೋರು ಬೇಕು. ಕುದುರೆ ಇಲ್ಲ, ಸಾರೋಟು ಇಲ್ಲ, ಹೆದ್ದಾರಿ ಇಲ್ಲ. ಆದರೂ ಜನ ದಿನಾ ಇಲ್ಲಿ ನಿಲ್ಲಬೇಕು. ಇಂಗ್ಲೆಂಡಿನ ಹಳ್ಳಿ ಪಬ್‌ಗಳು ಒಂದೊಂದಾಗಿ ಬಾಗಿಲು ಹಾಕುತ್ತಿರೋದು ಸುಮ್ಮನೆ ಅಲ್ಲ.

ನಾನು ಉಳಿದುಕೊಂಡಿದ್ದು ಒಂದು ಮಂಗಳವಾರ ರಾತ್ರಿ. ಬಾರಿನಲ್ಲಿ ನಾನೂ ಸೇರಿ ಏಳು ಜನ, ಎಲ್ಲರೂ ನನ್ನ ಅಪ್ಪನ ವಯಸ್ಸಿನವರು. ಹತ್ತು ಗಂಟೆ ಹೊತ್ತಿಗೆ ಬಾರಿನವ ಒಂದು ಪಂಪಿನ ಮುಂದಿದ್ದ ಹೆಸರಿನ ಬಿಲ್ಲೆಯನ್ನು ಹಿಂದುಮುಂದು ತಿರುಗಿಸಿದ. ಈ ಏಲ್ ಮುಗೀತು ಅಂತ ಅರ್ಥವಂತೆ. ಪಕ್ಕದಲ್ಲಿದ್ದ ಅಜ್ಜ, "ಕೊನೇ ಗ್ಲಾಸು ನಂದೇ" ಅಂತ ಖುಷಿಯಿಂದ ಎತ್ತಿ ತೋರಿಸಿದರು.